ಸೂರಿನ ಹನಿಯ ಕಿತಾಪತಿ

ಯುಗಾದಿಗೆ ಸುಣ್ಣ ಕಂಡ ಗೋಡೆ ಆಷಾಢದ ಹೊತ್ತಿಗೆ ಮೊಣಕಾಲೆತ್ತರ ಕೆಂಪಗಾಗಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಹಂಚಿನ ಮನೆಗಳಲ್ಲಿ ಇದಕ್ಕಾಗಿ ಬೈಸಿಕೊಳ್ಳುವವರು ಮೊದಲು ಮಕ್ಕಳು, ಆಮೇಲೆ ನಾಯಿ, ಕೊನೆಗೆ ಸುಣ್ಣ ಹೊಡೆದವನು. ಸೂರಿನ ನೀರಿಗೆ ಯಾರೂ ಏನೂ ಅನ್ನುವುದಿಲ್ಲ. ಹತ್ತಡಿಯಿಂದ ಬೀಳುವ ದಪ್ಪ ಹನಿ ಸೆಕೆಂಡಿಗೆ 6–7 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅಲ್ಲಿ ಆಗಲೇ ತೆಳ್ಳಗೆ ನೀರು ನಿಂತಿದ್ದರೆ ಮುಗಿಯಿತು: ಹರಡಲು ಹೊರಟ ನೀರು ನಿಂತ ನೀರಿಗೆ ಹಾಯ್ದು, ಕಿರೀಟದ ಹಾಗೆ ಮೇಲೆದ್ದು, ಅಂಚು ಹರಿದು, ಮಣ್ಣನ್ನೂ ಹೊತ್ತು ಸಿಡಿಯುತ್ತದೆ. ಬಿದ್ದ ಹನಿಗಿಂತ ಹೆಚ್ಚು ನೀರು ಎದ್ದು ಹೋಗುವುದೂ ಉಂಟು.

ಹನಿ ಬೀಳುವ ಸಾಲಿಗೆ ಒಂದೂವರೆ ಅಡಿ ಅಗಲ, ಒಂದು ಗೇಣು ಆಳ ತೋಡಿ 40 ಎಂ.ಎಂ. ಜಲ್ಲಿ ತುಂಬಿದರೆ ನೀರು ನಿಲ್ಲದು, ಸಿಡಿತವೂ ತಗ್ಗುತ್ತದೆ. ಆದರೆ ಈಗ ಅಂಗಳಕ್ಕೆಲ್ಲ ಇಂಟರ್‌ಲಾಕ್ ಬೇಕು. ಗೋಡೆಯ ಕೆಂಪು ಹೋಗಿ ಪಾಚಿಯ ಹಸಿರು ಬಂದಿದೆ, ಅಷ್ಟೇ ಲಾಭ.

ಗೋಡೆ ಹಾಳಾಗಲಿ, ಬಣ್ಣ ಬಳಿದುಕೊಳ್ಳಬಹುದು. ಮೆಣಸಿನ ಬಳ್ಳಿಗೆ ಏನು ಬಳಿಯುತ್ತೀರಿ? ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಎಲೆಯಲ್ಲಿ ಕೂಡಿ ದಪ್ಪಗಾದ ಹನಿ ಇಪ್ಪತ್ತೈದು ಅಡಿಯಿಂದ ಇಳಿದರೆ ವೇಗ 8 ಮೀಟರಿನ ಆಸುಪಾಸು. ಮೆಣಸಿನ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಮಣ್ಣಿನಲ್ಲೇ ಕಾದಿರುತ್ತದೆ; ಬುಡದ ಎಲೆಗೆ ಹತ್ತಲು ಅದಕ್ಕೆ ಈ ಸಿಡಿತ ಸಾಕು. ಎಲೆಯಲ್ಲಿ ಕಪ್ಪು ಮಚ್ಚೆ, ಅಲ್ಲಿಂದ ಮತ್ತೆ ಹನಿ, ಮೇಲಿನ ಎಲೆ. ಬುಡಕ್ಕೇ ಹತ್ತಿದರೆ ಬಳ್ಳಿ ವಾರಗಳಲ್ಲಿ ಬಾಡುತ್ತದೆ.

ಮಳೆಗೆ ಮುಂಚೆ ನೆಲದ ಮೇಲೆ ಹರಿದ ಹಬ್ಬುಬಳ್ಳಿಗಳನ್ನು ಕತ್ತರಿಸಬೇಕು, ಇಲ್ಲವೇ ಎತ್ತಿ ಕಟ್ಟಬೇಕು. ಬುಡದಲ್ಲಿ ತರಗೆಲೆ, ಒಂದಿಷ್ಟು ಹುಲ್ಲು ಇರಲಿ. ನಮ್ಮ ಸಾಹುಕಾರರಿಗೋ ತೋಟ ‘ಕ್ಲೀನ್’ ಇರಬೇಕು. ಜೂನ್ ತಿಂಗಳಲ್ಲೇ ಗುದ್ದಲಿ ಹಾಕಿಸಿ, ಬೇರಿಗೆ ಗಾಯ ಮಾಡಿಸಿ, ನೆಲ ಬೋಳಿಸಿ ಇಡುತ್ತಾರೆ. ನೆಂಟರು ಬಂದು ಚೆಂದ ಇದೆ ಅಂದರೆ ತೃಪ್ತಿ.

ಆಮೇಲೆ ಬೋರ್ಡೋ, ಅಂದರೆ ಈ ರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ, ಕಬ್ಬಿಣದ್ದು ಬೇಡ. ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತ ಸುರಿಯಬೇಕು. ತಿಕ್ಕಿ ಹೊಳಪು ಮಾಡಿದ ಚಾಕು ಒಂದು ನಿಮಿಷ ಅದ್ದಿ ನೋಡಿ: ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಳೇ ಸುಣ್ಣ ತಂದು, ಚಾಕು ನೋಡದೆ, ನಿನ್ನೆಯ ದ್ರಾವಣವನ್ನು ಇವತ್ತು ಹೊಡೆದು, ಔಷಧಿಯೇ ಸರಿಯಿಲ್ಲ ಅನ್ನುವವರಿಗೆ ಬರವಿಲ್ಲ.

ಸರಿಯಾಗಿ ಕಲಸಿದರೂ ಸಿಂಪಡಿಸುವವರ ಗನ್ನು ಸದಾ ಆಕಾಶ ನೋಡುತ್ತಿರುತ್ತದೆ. ಸಿಡಿತ ಹತ್ತುವುದು ಕೆಳಗಿನ ಎರಡು ಮೂರು ಅಡಿಯ ಎಲೆಗಳ ಅಡಿಮೈಗೆ. ಅಲ್ಲಿಗೆ ಸ್ವಲ್ಪ ಬಗ್ಗಿ ಹೊಡೀರಪ್ಪ ಅಂದರೆ, ಸೊಂಟ ಹಿಡಿಯುತ್ತದಂತೆ.