ಬ್ಯಾಕ್ ಎಂಬ ಬೆನ್ನುನೋವು

ನಿನ್ನೆ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಹುಬ್ಬಳ್ಳಿಯ ನಮ್ಮ ಕಚೇರಿಯ ಮುಂದೆ ನಿಂತಿದ್ದೆ. ಬಾಗಿಲಿಗೆ ಬೀಗ. ಕಾವಲಿನ ಕಾಕಾ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಯಲ್ಲಿದ್ದ ನೊರೆಯನ್ನು ಉಗುಳಿ, ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: “ಸಾಹೇಬರೇ, ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದಾರಲ್ಲವೇ?” ಇಷ್ಟು ಹೊತ್ತಿಗೇ ಕಚೇರಿಗೆ ಬರುವವನು ಹೆಂಡತಿಯ ಜೊತೆ ಜಗಳವಾಡಿಯೇ ಬಂದಿರಬೇಕು ಎಂಬುದು ಅವರ ಲೆಕ್ಕ.

ಮನೆಯಲ್ಲಿ ಎಲ್ಲರೂ ಆರಾಮವಾಗಿಯೇ ಇದ್ದರು. ಕೆಟ್ಟದ್ದು ಇಂಗ್ಲಿಷ್. ಹಿಂದಿನ ರಾತ್ರಿ ಬೆಂಗಳೂರಿನಿಂದ ಇಮೇಲ್ ಬಂದಿತ್ತು: ಹತ್ತು ಗಂಟೆಯ ಸಭೆಯನ್ನು ಎರಡು ತಾಸು ‘ಪುಶ್ ಬ್ಯಾಕ್’ ಮಾಡಲಾಗಿದೆ. ಪುಶ್ ಎಂದರೆ ದೂಡು. ಬ್ಯಾಕ್ ಎಂದರೆ ಹಿಂದೆ. ಹತ್ತನ್ನು ಎರಡು ತಾಸು ಹಿಂದಕ್ಕೆ ದೂಡಿದರೆ ಎಂಟು. ಇದರಲ್ಲಿ ಸಂಶಯಕ್ಕೆ ಎಡೆ ಎಲ್ಲಿದೆ? ಐದಕ್ಕೇ ಎದ್ದೆ. “ಉಪ್ಪಿಟ್ಟು ಈಗ ಆಗುತ್ತದೆ, ತಡೆಯಿರಿ” ಎಂದು ಹೆಂಡತಿ ಹೇಳಿದರೂ ಕೇಳದೆ ಹೊರಟೆ. ಹುರಿದ ರವೆಯ ವಾಸನೆ ಓಣಿಯ ತಿರುವಿನವರೆಗೂ ಬೆನ್ನಟ್ಟಿ ಬಂತು. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ ಹತ್ತಿದಾಗ ಕುಳಿತುಕೊಳ್ಳಲು ಬೇಕಾದಷ್ಟು ಜಾಗವಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಭೆ ಇದ್ದದ್ದು ಹನ್ನೆರಡಕ್ಕೆ. ಇದನ್ನು ನನಗೆ ತಿಳಿಸಿದವರೂ ಕಾಕಾ. “ಮೀಟಿಂಗ್ ಮುಂದಕ್ಕೆ ಹೋಗಿದೆಯಲ್ಲ, ಚಹಾದವನಿಗೆ ನಿನ್ನೆಯೇ ಹೇಳಿದ್ದೇನೆ” ಎಂದರು. ಎಂ.ಎ. ಮಾಡಿದ ನನಗೆ ತಿಳಿಯದ್ದು ಚಹಾದವನಿಗೆ ತಿಳಿದಿತ್ತು, ಏಕೆಂದರೆ ಅವನಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಿರಲಿಲ್ಲ.

ನಾವು ಮುಂದೂಡುವುದನ್ನು ಇಂಗ್ಲಿಷಿನ ಜನ ಹಿಂದಕ್ಕೆ ದೂಡುತ್ತಾರೆ. ಕೋರ್ಟಿನ ತಾರೀಖು, ಪರೀಕ್ಷೆ, ಸಾಲದ ಕಂತು ಎಲ್ಲವೂ ಕನ್ನಡದಲ್ಲಿ ಮುಂದಕ್ಕೇ ಹೋಗುತ್ತವೆ. ಇಂಗ್ಲಿಷಿನಲ್ಲಿ ಸಭೆ ತಡವಾದರೆ ಬ್ಯಾಕ್, ಬೇಗ ಆದರೆ ಫಾರ್ವರ್ಡ್. ‘ಪೋಸ್ಟ್‌ಪೋನ್’ ಇದ್ದ ಮೇಲೆ ‘ಪ್ರೀಪೋನ್’ ಏಕಿರಬಾರದು ಎಂದು ಆ ಪದವನ್ನು ಓಡಿಸಿದ ನಮ್ಮ ದೇಶದ ಗುಮಾಸ್ತರನ್ನು ನೋಡಿ ನಗುವವರಿದ್ದಾರೆ. ನಾನು ಇನ್ನು ಮೇಲೆ ನಗುವುದಿಲ್ಲ.

ನಾಲ್ಕು ತಾಸು ಮಾಡುವುದೇನು? ಕಾಕಾನ ಮುರುಕು ಸ್ಟೂಲಿನ ಮೇಲೆ ಕುಳಿತು ಮೊಬೈಲ್ ತೆರೆದೆ. ಇಂಗ್ಲಿಷ್ ಮಾತಾಡುವವರಿಗೇ ಇದು ಗೊಂದಲವಂತೆ. ‘ಬುಧವಾರದ ಸಭೆಯನ್ನು ಎರಡು ದಿನ ಫಾರ್ವರ್ಡ್ ಮಾಡಲಾಗಿದೆ, ಯಾವ ದಿನ ಬರುತ್ತೀರಿ?’ ಎಂದು ಕೇಳಿದರೆ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಲೆರಾ ಬೊರೊಡಿಟ್‌ಸ್ಕಿ ಮತ್ತು ಮೈಕೆಲ್ ರಾಮ್‌ಸ್ಕರ್ ಎಂಬ ಸಂಶೋಧಕರು ಇದನ್ನು ರೈಲಿನ ಪ್ರಯಾಣಿಕರಿಗೂ ಕೇಳಿ 2002ರಲ್ಲಿ ಬರೆದಿದ್ದಾರೆ. ಆಗಷ್ಟೇ ಹತ್ತಿದವರು ಮತ್ತು ಇನ್ನೇನು ಇಳಿಯಲಿರುವವರು ಶುಕ್ರವಾರದ ಕಡೆಗೆ ಹೆಚ್ಚು ವಾಲಿದರಂತೆ. ನಾನು ಇಮೇಲ್ ಓದಿದ್ದು ಹಾಸಿಗೆಯಲ್ಲಿ ಅಂಗಾತ ಮಲಗಿಕೊಂಡು. ನನ್ನನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ!

ಹತ್ತು ಗಂಟೆಯ ಹೊತ್ತಿಗೆ ಬ್ಯಾಕ್ ಎಂದರೆ ಬೆನ್ನು ಎಂಬುದೂ ಚೆನ್ನಾಗಿ ಮನದಟ್ಟಾಯಿತು.

ಐದನೆಯ ಇಯತ್ತೆಯಲ್ಲಿ ಇಂಗ್ಲಿಷ್ ಕಲಿಸಿದ ಮಾಸ್ತರರು ‘ಬಿಹೈಂಡ್’ ಪಾಠಕ್ಕೆ ನನ್ನನ್ನೇ ಬಾಗಿಲ ಹಿಂದೆ ನಿಲ್ಲಿಸಿದ್ದರು. “ವೇರ್ ಈಸ್ ಹಿ?” ಎಂದು ಅವರು ಕೇಳಿದರೆ ಇಡೀ ತರಗತಿ “ಬಿಹೈಂಡ್ ದಿ ಡೋರ್” ಎಂದು ಕೂಗುತ್ತಿತ್ತು. ಬಳಿಕ ಪಾಠ ಮುಂದೆ ಹೋಯಿತು, ನಾನು ಅಲ್ಲೇ ಉಳಿದೆ. ಮಳೆಗಾಲ. ಮೊಳೆಗೆ ತೂಗುಹಾಕಿದ್ದ ಮಾಸ್ತರರ ಒದ್ದೆ ಛತ್ರಿ ನನ್ನ ಕೊರಳಪಟ್ಟಿಯೊಳಗೆ ಹನಿಹನಿಯಾಗಿ ಸುರಿಯುತ್ತಿತ್ತು. ಬಿಜಾಗರಿಯ ಸಂದಿನಿಂದ ಬೆಳಕಿನ ಒಂದು ಗೆರೆ ಮಾತ್ರ ಒಳಗೆ ಬರುತ್ತಿತ್ತು. ಗಂಟೆ ಹೊಡೆದ ಮೇಲೆ ಛತ್ರಿ ತೆಗೆದುಕೊಳ್ಳಲು ಬಂದವರು ನನ್ನನ್ನು ಕಂಡು ಅವರೇ ಬೆಚ್ಚಿಬಿದ್ದರು. ತಲೆ ಸವರಿ ಒಂದು ಪೆಪ್ಪರಮಿಂಟು ಕೊಟ್ಟರು. ಈಗ ಅವರಿಲ್ಲ. ಆ ಒಂದು ಪದವನ್ನು ಮಾತ್ರ ನಾನು ಇಂದಿಗೂ ತಪ್ಪಾಗಿ ಬಳಸಿಲ್ಲ. ಬಿಹೈಂಡ್, ರಿಯರ್, ಪೋಸ್ಟೀರಿಯರ್, ಬ್ಯಾಕ್‌ಸೈಡ್ ಇವೆಲ್ಲವೂ ಕೊನೆಗೆ ಮನುಷ್ಯ ಕುಳಿತುಕೊಳ್ಳುವ ಭಾಗಕ್ಕೇ ಹೋಗಿ ಮುಟ್ಟುತ್ತವೆ ಎಂಬುದನ್ನು ಪಾಪ ಅವರು ಹೇಳಿಕೊಡಲಿಲ್ಲ. ಹದಿನೈದು ವರ್ಷ ನನ್ನ ವಿಳಾಸವನ್ನು ‘ಬ್ಯಾಂಕಿನ ಬ್ಯಾಕ್‌ಸೈಡ್’ ಎಂದೇ ಬರೆದಿದ್ದೇನೆ.

ಆದರೆ ನನ್ನ ನಿಜವಾದ ಸಿಟ್ಟು ನಮ್ಮ ವಿಭಾಗದ ಮುಖ್ಯಸ್ಥರ ಮೇಲೆ. ಅವರಿಗೆ ಬ್ಯಾಕ್ ಇಲ್ಲದೆ ವಾಕ್ಯ ಮುಗಿಯುವುದಿಲ್ಲ. ರಿಪ್ಲೈ ಬ್ಯಾಕ್, ರಿಟರ್ನ್ ಬ್ಯಾಕ್, ರಿವರ್ಟ್ ಬ್ಯಾಕ್. ‘ರಿ’ ಎಂಬಲ್ಲೇ ಮರಳುವುದು ಬಂದಿರುತ್ತದೆ, ಆದರೂ ಅವರಿಗೆ ಸಮಾಧಾನವಿಲ್ಲ. ಗಣೇಶನ ಹಬ್ಬದಲ್ಲಿ ನನ್ನಿಂದ ಐನೂರು ರೂಪಾಯಿ ಪಡೆದು “ನಾಳೆಯೇ ರಿಟರ್ನ್ ಬ್ಯಾಕ್ ಮಾಡುತ್ತೇನೆ” ಎಂದರು. ಎರಡೆರಡು ಸಲ ಮರಳಿಸುತ್ತೇನೆಂದವರು ಒಂದು ಸಲವೂ ಮರಳಿಸಿಲ್ಲ. ರಜೆಯ ಅರ್ಜಿ ಕೊಟ್ಟರೆ “ರಿವರ್ಟ್ ಬ್ಯಾಕ್ ಮಾಡುತ್ತೇನೆ” ಎನ್ನುತ್ತಾರೆ, ಉತ್ತರ ಕೊಡುತ್ತೇನೆ ಎಂಬ ಅರ್ಥದಲ್ಲಿ. ಇಂಗ್ಲೆಂಡಿನವರ ಬಾಯಲ್ಲಿ ರಿವರ್ಟ್ ಎಂದರೆ ಮೊದಲಿನ ಸ್ಥಿತಿಗೆ ಮರಳುವುದು. ಆ ಅರ್ಥದಲ್ಲಿ ಅವರು ಮಾತು ತಪ್ಪಿದವರಲ್ಲ. ಅರ್ಜಿ ಮುಟ್ಟಿದ ಮರುಗಳಿಗೆಯೇ ಮೊದಲಿನಂತೆ ಸುಮ್ಮನಾಗಿಬಿಡುತ್ತಾರೆ.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಅವರ ಕಾರು ಬಂತು. ಹಿಂದಿನ ಕ್ಯಾಮೆರಾದ ಮೇಲೆ ಒಂದು ಬೆರಳು ಧೂಳು. ಕಿಟಕಿಯಿಂದ ತಲೆ ಹೊರಗೆ ಹಾಕಿ “ಕಾಕಾ, ಬ್ಯಾಕ್?” ಎಂದರು. “ಬ್ಯಾಕ್ ಇದೆ ಸಾಹೇಬರೇ, ಬರಲಿ” ಎಂದು ಕಾಕಾ ಡಿಕ್ಕಿಯ ಮೇಲೆ ಅಂಗೈ ಬಡಿಯತೊಡಗಿದರು. ಬರಲಿ, ಬರಲಿ. ಇನ್ನೂ ಬರಲಿ. ಕಲ್ಲಿನ ಕಂಬಕ್ಕೆ ಧಡ್ ಎಂದ ಮೇಲೆ, ಒಂದಿಷ್ಟೂ ದನಿ ಬದಲಿಸದೆ, “ಸಾಕು” ಎಂದರು.

ಮುಖ್ಯಸ್ಥರು ಇಳಿದು ಬಂದು ನಜ್ಜುಗುಜ್ಜಾದ ಬಂಪರನ್ನು ಸವರಿದರು. ಕಾಕಾನನ್ನು ಏನಾದರೂ ಅಂದರೆ ನಾಳೆಯಿಂದ ಚಹಾ ತಡವಾಗುತ್ತದೆ ಎಂಬುದು ಅವರಿಗೂ ಗೊತ್ತು. ಹಾಗಾಗಿ ಸ್ಟೂಲಿನ ಮೇಲಿದ್ದ ನನ್ನ ಕಡೆಗೆ ತಿರುಗಿ, “ನೀವೇನು ಬೆಳಗಿನಿಂದ ಇಲ್ಲೇ ಕುಳಿತಿದ್ದೀರಂತೆ, ಏಕೆ?” ಎಂದು ಗದರಿದರು.

“ರಿವರ್ಟ್ ಬ್ಯಾಕ್ ಮಾಡುತ್ತೇನೆ ಸರ್” ಎಂದು ಹೇಳಿ ಸೊಂಟ ಹಿಡಿದುಕೊಂಡು ಒಳಗೆ ಹೋದೆ.