ಸತ್ಯಾಂಶ: ಬ್ಯಾರಿಸ್ಟರ್ ತರಬೇತಿಗೆ ಮೀಸಲು ಸೀಟೂ ಇಲ್ಲ, ಶುಲ್ಕವೂ ಇಲ್ಲ

‘ಲಂಡನ್ನಿನ ಮಾನವ ಹಕ್ಕು ಚೇಂಬರ್ಸ್‌ಗಳಲ್ಲಿ ವೈವಿಧ್ಯದ ಹೆಸರಲ್ಲಿ ಏಷ್ಯಾದವರಿಗೆ ಸೀಟು ಮೀಸಲು, ಶುಲ್ಕ ಕಟ್ಟಿದರೆ ಸಾಕು’ ಎಂಬ ವಾಟ್ಸ್ಆ್ಯಪ್ ಸಂದೇಶ ಸುಳ್ಳು. ಚೇಂಬರ್ಸ್ ಎಂದರೆ ಬ್ಯಾರಿಸ್ಟರ್‌ಗಳು, ಅಂದರೆ ಕೋರ್ಟಿನಲ್ಲಿ ವಾದಿಸುವ ವಕೀಲರು, ಒಟ್ಟಾಗಿ ನಡೆಸುವ ಕಚೇರಿ.

ಇಂಗ್ಲೆಂಡಿನ 2010ರ ಸಮಾನತಾ ಕಾಯ್ದೆಯಡಿ ಇಂಥ ಕೋಟಾಕ್ಕೆ ಅವಕಾಶವಿಲ್ಲ. ಇಬ್ಬರು ಅಭ್ಯರ್ಥಿಗಳು ಅರ್ಹತೆಯಲ್ಲಿ ಸರಿಸಮವಾಗಿದ್ದಾಗ ಮಾತ್ರ, ಪ್ರಾತಿನಿಧ್ಯ ಕಡಿಮೆ ಇರುವ ಗುಂಪಿನವರನ್ನು ಆರಿಸಿಕೊಳ್ಳಲು 159ನೇ ಸೆಕ್ಷನ್ ಬಿಡುತ್ತದೆ. ವೈವಿಧ್ಯದ ಕಾಳಜಿ ಕಾಣುವುದು ಬೇರೆಡೆ: ಕೆಲವು ಚೇಂಬರ್ಸ್‌ಗಳಲ್ಲಿ ಅರ್ಜಿ ಓದುವವರಿಗೆ ಹೆಸರು, ವಿಶ್ವವಿದ್ಯಾಲಯ ಕಾಣಿಸುವುದಿಲ್ಲ. ಇದು ನಿಜಕ್ಕೂ ಒಳ್ಳೆಯ ಪದ್ಧತಿ.

ಹಣದ ಮಾತೂ ತಲೆಕೆಳಗು. 12 ತಿಂಗಳ ಈ ತರಬೇತಿಗೆ, ಅಂದರೆ ಪ್ಯೂಪಿಲೇಜ್‌ಗೆ, ಚೇಂಬರ್ಸೇ ಅಭ್ಯರ್ಥಿಗೆ ಹಣ ಕೊಡಬೇಕು. ಕೈಯಿಂದ ಖರ್ಚಾಗುವುದು ಅದಕ್ಕೂ ಮೊದಲು ಓದಬೇಕಾದ ಬಾರ್ ಕೋರ್ಸಿಗೆ. ಆ ಕೋರ್ಸ್ ಸೇರುವ ಮುನ್ನ ಬ್ಯಾರಿಸ್ಟರ್‌ಗಳ ಸಂಘಗಳಾದ ನಾಲ್ಕು ‘ಇನ್’ಗಳಲ್ಲಿ ಒಂದರ ಸದಸ್ಯತ್ವವೂ ಬೇಕು. ಭಾರತದಲ್ಲಿ ಈಗಾಗಲೇ ವಕೀಲರಾಗಿರುವವರು ತರಬೇತಿಯ ಕೆಲ ಭಾಗಗಳಿಂದ ವಿನಾಯಿತಿ ಕೋರಿ, ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿಗೆ ಅರ್ಜಿ ಹಾಕಬಹುದು.

ಪ್ಯೂಪಿಲೇಜ್‌ನ ಅನೇಕ ಅರ್ಜಿಗಳು ಬ್ಯಾರಿಸ್ಟರ್‌ಗಳ ಪ್ರತಿನಿಧಿ ಸಂಸ್ಥೆಯಾದ ಬಾರ್ ಕೌನ್ಸಿಲ್‌ನ ‘ಪ್ಯೂಪಿಲೇಜ್ ಗೇಟ್‌ವೇ’ ಎಂಬ ಜಾಲತಾಣದ ಮೂಲಕ ಹೋಗುತ್ತವೆ. ಅಲ್ಲಿ ಅರ್ಜಿ ಸಲ್ಲಿಕೆ ಜನವರಿಯಲ್ಲಿ ಶುರುವಾಗುತ್ತದೆ. ಹಲವರು ಎಡವುವುದು ‘ನಮ್ಮ ಚೇಂಬರ್ಸೇ ಏಕೆ?’ ಎಂಬ ಪ್ರಶ್ನೆಯಲ್ಲಿ. ‘ಮಾನವ ಹಕ್ಕುಗಳಲ್ಲಿ ಅಪಾರ ಆಸಕ್ತಿ’ ಎಂದು ಬರೆದರೆ ಅಂಕ ಸಿಗದು. ಆಶ್ರಯ ಕೋರಿದವರೊಬ್ಬರ ಮೇಲ್ಮನವಿಗೆ ನೀವೇ ಯಾವ ದಾಖಲೆ ಹುಡುಕಿದಿರಿ, ಯಾವ ವಾದ ಬರೆದಿರಿ ಎಂದು, ಕಕ್ಷಿದಾರರ ಗುರುತು ಬಿಟ್ಟುಕೊಡದೆ, ನಾಲ್ಕು ಸಾಲಲ್ಲಿ ಹೇಳಿ.