ಘಟ್ಟದ ಕೆಳಗೆ ನಲವತ್ತು, ಮೇಲೆ ಆರು

2011ರ ಜನಗಣತಿಯಂತೆ ಗೋವಾದ ಜನಸಂಖ್ಯೆ 14.58 ಲಕ್ಷ. ನನ್ನ ಹುಟ್ಟೂರಿನ ಜಿಲ್ಲೆ ಉತ್ತರ ಕನ್ನಡದ್ದು 14.37 ಲಕ್ಷ. ತಲೆ ಎಣಿಸಿದರೆ ಹೆಚ್ಚುಕಡಿಮೆ ಸರಿಸಮ. ನೆಲ ಅಳೆದರೆ ನಮ್ಮದು 10,291 ಚದರ ಕಿಲೋಮೀಟರ್, ಗೋವಾ 3,702. ಆದರೆ ಗೋವಾಕ್ಕೆ 40 ಶಾಸಕರು, ಲೋಕಸಭೆಗೆ ಇಬ್ಬರು. ನಮಗೆ ಆರು ಜನ ಶಾಸಕರು, ಒಬ್ಬ ಸಂಸದ. ಆ ಒಬ್ಬರೂ ಪೂರ್ತಿ ನಮಗೆ ಸಿಗುವವರಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳನ್ನೂ ನೋಡಿಕೊಳ್ಳಬೇಕು.

ಗೋವಾ 1987ರಿಂದ ರಾಜ್ಯ, ಉತ್ತರ ಕನ್ನಡ ಒಂದು ಜಿಲ್ಲೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವವರಿದ್ದಾರೆ. ಕಾನೂನಿನ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ಅರ್ಜಿ ಹಿಡಿದು ಅಲೆಯುವವನಿಗೆ ಈ ಭೇದ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಬೇಕಾದದ್ದು ಕೈಗೆ ಸಿಗುವ ಒಬ್ಬ ಪ್ರತಿನಿಧಿ.

ಗೋವಾದ ಫೋಂಡಾದಲ್ಲಿ ಸಂಸಾರ ಹೂಡಿರುವ ನಾನು ಇಲ್ಲಿನ ರೀತಿಯನ್ನು ಹತ್ತಿರದಿಂದ ಕಂಡಿದ್ದೇನೆ. ಬೆಳಿಗ್ಗೆ ಶಾಸಕರ ಮನೆಯ ಜಗಲಿಯಲ್ಲಿ ಜನ ಕೂತಿರುತ್ತಾರೆ. ನಳದಲ್ಲಿ ನೀರಿಲ್ಲ, ಮಗನಿಗೆ ಕೆಲಸವಿಲ್ಲ, ರಸ್ತೆಯ ಮೋರಿ ಕುಸಿದಿದೆ. ಶಾಸಕರು ಹೊರಬಂದು ಮೊದಲು ಕೇಳುವುದೇ ಯಾವ ವಾರ್ಡು, ಯಾರ ಮನೆ ಎಂದು. ಹೆಸರು ಹೇಳಿದರೆ ಅಪ್ಪನ ಗುರುತು ಹಿಡಿಯುತ್ತಾರೆ. ಒಂದು ಕ್ಷೇತ್ರಕ್ಕೆ ಸರಾಸರಿ 36 ಸಾವಿರ ಜನ. ಗುರುತಿರದಿದ್ದರೆ ಅವರೇ ಸೋಲುತ್ತಾರೆ. 2022ರಲ್ಲಿ ಸಾಂತ ಆಂದ್ರೆ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು 76 ಮತಗಳಿಂದ. ನಮ್ಮಲ್ಲಿ ಒಬ್ಬ ಶಾಸಕನಿಗೆ ಸರಾಸರಿ 2.4 ಲಕ್ಷ ಜನ. ಲೋಕಸಭೆಗಂತೂ 2019ರಲ್ಲಿ ಗೆಲುವಿನ ಅಂತರವೇ 4.79 ಲಕ್ಷ. ಅಷ್ಟು ಅಂತರದಲ್ಲಿ ಗೆದ್ದವರಿಗೆ ಕಾಡಿನ ನಡುವಿನ ಹತ್ತು ಮನೆಗಳ ಮಜಿರೆಯ ಅಸಮಾಧಾನ ತಟ್ಟುವುದು ಹೇಗೆ?

ಗೋವಾವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. 2019ರಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ ಹತ್ತು ಮಂದಿ, 2022ರಲ್ಲಿ 11ರಲ್ಲಿ ಎಂಟು ಮಂದಿ ಬಿಜೆಪಿಗೆ ಹೋದರು. ಮನೆ ಮಗನಂತಿದ್ದವರು ಮತ ಹಾಕಿದವರನ್ನು ಒಂದು ಮಾತು ಕೇಳಲಿಲ್ಲ ಎಂಬ ನೋವು ಇಲ್ಲಿನವರಿಗೆ ಇನ್ನೂ ಇದೆ. ಆದರೂ ಸಣ್ಣ ಸಮುದಾಯವೊಂದರ ಕೂಗು ದಿಲ್ಲಿ ಮುಟ್ಟುವ ವಿಷಯದಲ್ಲಿ ಇಲ್ಲಿಗೂ ನಮ್ಮಲ್ಲಿಗೂ ಅಜಗಜಾಂತರ. ಕುಣಬಿಗಳನ್ನೇ ನೋಡಿ.

ನಮ್ಮ ಜೋಯಿಡಾ ತಾಲ್ಲೂಕಿನ ಡಿಗ್ಗಿ, ಬಜಾರಕುಣಂಗ ಕಡೆಯ ಕುಣಬಿಗಳು ಆಡುವುದು ಕೊಂಕಣಿ. ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ಘಟ್ಟ ಹತ್ತಿ ಬಂದವರು ತಾವು ಎಂದು ಅವರ ಹಿರಿಯರು ಹೇಳುತ್ತಾರೆ. ಗೋವಾದ ಕುಣಬಿ, ಗಾವಡಾ, ವೇಳಿಪ ಸಮುದಾಯಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಅವರಿಗೆ ವಿಧಾನಸಭೆಯಲ್ಲಿ ಸ್ಥಾನ ಮೀಸಲಿಡುವ ಮಸೂದೆಗೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಘಟ್ಟದ ಮೇಲಿನ ಕುಣಬಿಗಳು ಅದೇ ಮಾನ್ಯತೆಗಾಗಿ ಪಾದಯಾತ್ರೆ ಮಾಡಿ, ಮನವಿ ಕೊಟ್ಟು ಸೋತಿದ್ದಾರೆ.

ಇಲ್ಲಿ ಅಡಿಕೆ ತೋಟದಲ್ಲಿ ದುಡಿಯುವ ಜೋಯಿಡಾದ ಕುಣಬಿ ಒಬ್ಬರು ನನಗೆ ಪರಿಚಯ. ಅವರ ಅಕ್ಕನನ್ನು ಕೊಟ್ಟಿರುವುದು ಗೋವಾದ್ದೇ ಸಾಂಗೆ ತಾಲ್ಲೂಕಿನ ನೇತ್ರಾವಳಿ ಕಡೆಗೆ. ಅಕ್ಕನ ಮಕ್ಕಳ ಕೈಯಲ್ಲಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರ. ಇವರ ಕೈಯಲ್ಲಿ ಅರಣ್ಯ ಹಕ್ಕಿನ ಅರ್ಜಿ ತಿರಸ್ಕರಿಸಿದ ಹಿಂಬರಹ. ಮಳೆಗಾಲದ ತೇವಕ್ಕೆ ಮಡಿಕೆ ಮಡಿಕೆಯಲ್ಲೂ ಹರಿದ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. "ಮೂರು ತಲೆಮಾರಿನ ದಾಖಲೆ ಕೇಳ್ತಾರೆ. ಅಜ್ಜನಿಗೆ ಸಹಿ ಮಾಡಲಿಕ್ಕೇ ಬರ್ತಿರಲಿಲ್ಲ, ಕಾಗದ ಎಲ್ಲಿಂದ ತರೋದು ಸಾರ್?" ಎಂದು ಕೇಳಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಸಾಗುವಳಿ ಮಾಡುತ್ತಿದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಅದಕ್ಕೂ ಹಿಂದಿನ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಪಟ್ಟಿಯಲ್ಲಿ ಒಂದು ಹೆಸರು ಇಲ್ಲದ್ದಕ್ಕೆ ಆ ಮನೆಯವರು ತಮ್ಮದೇ ಗದ್ದೆಯಲ್ಲಿ ಅತಿಕ್ರಮಣದಾರರು.

ಪಟ್ಟಿಗೆ ಹೆಸರು ಸೇರಿಸುವುದು ತಹಶೀಲ್ದಾರರ ಕೈಲಿಲ್ಲ, ಶಾಸಕರ ಕೈಲೂ ಇಲ್ಲ. ರಾಜ್ಯ ಸರ್ಕಾರ ಕುಲಶಾಸ್ತ್ರೀಯ ಅಧ್ಯಯನದೊಂದಿಗೆ ಶಿಫಾರಸು ಕಳಿಸಬೇಕು, ಜನಗಣತಿ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿ ಮತ್ತು ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಬೇಕು, ಆಮೇಲೆ ಸಂಸತ್ತಿನಲ್ಲಿ ಕಾಯ್ದೆಯಾಗಬೇಕು. ಕಡತ ಎಲ್ಲಿ ನಿಂತಿದೆ ಎಂದು ಬೆನ್ನು ಹತ್ತಬೇಕಾದವರು ಸಂಸದರು. ಸಂಖ್ಯೆಯಲ್ಲಿ ಚಿಕ್ಕ ಸಮುದಾಯವಾದ ನಮ್ಮ ಜಿಲ್ಲೆಯ ಸಿದ್ದಿಗಳೂ 2003ರಲ್ಲೇ ಪಟ್ಟಿ ಸೇರಿದವರು. ಕುಣಬಿಗಳ ಸಂಖ್ಯೆ ಚಿಕ್ಕದು ಎಂಬ ಸಬೂಬನ್ನು ನಾನು ಆ ಕಾರಣಕ್ಕೆ ಒಪ್ಪುವುದಿಲ್ಲ.

1967ರಲ್ಲಿ ಗೇಣಿದಾರರ ಪರ ಹೋರಾಡಿದ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿ ಕಳಿಸಿದ ಕ್ಷೇತ್ರ ನಮ್ಮದು. ಈಗ ಊರಿಗೆ ಹೋದಾಗ ಸಂಸದರಿಂದ ಏನು ಬೇಕು ಎಂದು ಕೇಳಿದರೆ ಸಮುದಾಯ ಭವನ, ಬಸ್ ತಂಗುದಾಣ ಎನ್ನುತ್ತಾರೆ. ಸಂಸದರ ನಿಧಿ ವರ್ಷಕ್ಕೆ ಐದು ಕೋಟಿ. ಗೋವಾದ ಇಬ್ಬರಿಗೆ ಹತ್ತು, ನಮ್ಮ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಐದು. ಅದರಲ್ಲಿ ಎಷ್ಟು ಭವನ ಎದ್ದೀತು? ಅರಣ್ಯ, ಕರಾವಳಿ, ರೈಲು, ನೌಕಾನೆಲೆ, ಕೈಗಾ... ನಮ್ಮ ಬದುಕನ್ನು ಹಿಡಿದಿರುವ ಅಷ್ಟೂ ವಿಷಯ ಕೇಂದ್ರದ ಕಾನೂನಿಗೆ ಸೇರಿದ್ದು. ನಮ್ಮ ಸಂಸದರು ಸದನದಲ್ಲಿ ಏನು ಕೇಳಿದರು ಎಂಬುದನ್ನು ಊರಿನ ಗ್ರಾಮಸಭೆಗಳಲ್ಲಿ ಓದಿ ಹೇಳುವ ರೂಢಿ ಬರಬೇಕು.

ಕ್ಷೇತ್ರದ ಗಡಿಯ ಮಾತೂ ಇದೆ. ಜೋಯಿಡಾ ತಾಲ್ಲೂಕು ಗೋವಾದ ಅರ್ಧದಷ್ಟು ವಿಶಾಲ. 2011ರಲ್ಲಿ ಅಲ್ಲಿದ್ದವರು 52 ಸಾವಿರ. ಗೋವಾದ ಲೆಕ್ಕದಲ್ಲಿ ಅವರಿಗೇ ಒಬ್ಬ ಶಾಸಕ ಸಿಗಬೇಕು. ಈಗ ಹಳಿಯಾಳ ಕ್ಷೇತ್ರದ ಬಾಲಕ್ಕೆ ಅಂಟಿಕೊಂಡಿದ್ದಾರೆ. ಕ್ಷೇತ್ರ ರಚಿಸುವಾಗ ಭೌಗೋಳಿಕ ಸ್ವರೂಪ, ಸಂಪರ್ಕ ಸೌಲಭ್ಯ, ಜನರ ಅನುಕೂಲಗಳನ್ನು ಗಮನಿಸಬೇಕೆಂದು 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯಲ್ಲೇ ಇತ್ತು. ಮುಂದಿನ ಪುನರ್ವಿಂಗಡಣೆಯ ಚರ್ಚೆಯಲ್ಲಿ ದಕ್ಷಿಣಕ್ಕೆಷ್ಟು, ಉತ್ತರಕ್ಕೆಷ್ಟು ಎಂಬುದೇ ಕೇಳುತ್ತಿದೆ; ಕಾಡಿನ ತಾಲ್ಲೂಕುಗಳ ಸುದ್ದಿಯೇ ಇಲ್ಲ. ಪುನರ್ವಿಂಗಡಣಾ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ಸಭೆ ನಡೆಸುತ್ತದೆ. ಜೋಯಿಡಾ, ಯಲ್ಲಾಪುರ, ಖಾನಾಪುರದ ಗ್ರಾಮ ಪಂಚಾಯಿತಿಗಳು ನಕ್ಷೆ, ಬಸ್ಸಿನ ವೇಳಾಪಟ್ಟಿ, ಮಳೆಗಾಲದಲ್ಲಿ ದಾರಿ ಕಡಿಯುವ ಊರುಗಳ ಹೆಸರು ಎಲ್ಲವನ್ನೂ ಈಗಿನಿಂದಲೇ ಠರಾವಿನಲ್ಲಿ ಬರೆದಿಡಲಿ. ಗೋವಾದಲ್ಲಿರುವ ನಾವು ಟೈಪು ಮಾಡಿಕೊಡಲು, ಇಂಗ್ಲಿಷಿಗೆ ತಿರುಗಿಸಿಕೊಡಲು, ಸಭೆಯ ದಿನ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬರಲು ತಯಾರಿದ್ದೇವೆ.